ಸೆರೆಯಲ್ಲಿರುವವನ ಇರವು

ಹಾಸನ ಜಿಲ್ಲೆಯ ನ್ಯಾಯಾಲಯಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ಶಿರಸ್ತೇದಾರರಾಗಿ ನಿವೃತ್ತರಾದ ಹಿರಿಯರೊಬ್ಬರಿಗೂ, ಹೊಳೆನರಸೀಪುರದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿ ಕೆಲವೇ ವರ್ಷಗಳಾದ ಅವರ ತಮ್ಮನ ಮಗಳಿಗೂ ನಡೆದ ಸಂವಾದವಿದು. ಅರಕಲಗೂಡು ತಾಲ್ಲೂಕಿನ ತಾಯಿಯೊಬ್ಬಳು, ತನ್ನ ಮಗನನ್ನು ಪೊಲೀಸರು ಕರೆದೊಯ್ದರೆಂಬುದನ್ನು ಮಾತ್ರ ತಿಳಿದು, ಎಲ್ಲಿ ಇರಿಸಿರುವರೆಂಬುದನ್ನು ಅರಿಯದೆ, ಹಲವು ಕಚೇರಿಗಳ ಮೆಟ್ಟಿಲು ಹತ್ತಿಳಿದು ಕೊನೆಗೆ ಈ ತರುಣಿಯ ಬಳಿಗೆ ಬಂದಿದ್ದಳು. ಮಗನು ಹಾಸನದ ಕಾರಾಗೃಹದಲ್ಲಿರುವನೆಂದು ಪತ್ತೆಯಾಯಿತು. ಆದರೆ ಆ ಅಲೆದಾಟವು ಎಬ್ಬಿಸಿದ ಪ್ರಶ್ನೆ ಅಲ್ಲಿಗೆ ತೀರಲಿಲ್ಲ.

ತರುಣಿ: ದೊಡ್ಡಪ್ಪ, ಆ ತಾಯಿಗೆ ಕೇಡು ಮಾಡಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಠಾಣೆಯವರು ಕೋರ್ಟಿಗೆ ಒಪ್ಪಿಸಿದೆವು ಎಂದರು. ಕೋರ್ಟಿನಲ್ಲಿ ವಕೀಲರ ಮೂಲಕ ಬಾ ಎಂದರು. ವಕಾಲತ್ತಿಗೆ ರುಜು ಹಾಕಬೇಕಾದ ಮಗ ಎಲ್ಲಿರುವನೆಂಬುದೇ ಅವಳಿಗೆ ತಿಳಿಯದು. ಮನುಷ್ಯನೊಬ್ಬನು ಸರ್ಕಾರದ ವಶದಲ್ಲಿರುವಾಗ ಅವನ ಇರವು ಠಾಣೆಯ ದಿನಚರಿಯಲ್ಲಿ, ನ್ಯಾಯಾಲಯದ ಕಡತದಲ್ಲಿ, ಕಾರಾಗೃಹದ ದಾಖಲಾತಿ ಪುಸ್ತಕದಲ್ಲಿ ಲಿಖಿತವಾಗಿರುತ್ತದೆ. ಹೆತ್ತವಳಿಗೆ ಮಾತ್ರ ಅಗೋಚರ. ಹೆಸರು ಬರೆದು ಹುಡುಕಿದೊಡನೆ ಕಾರಾಗೃಹ ಯಾವುದೆಂದು ತಿಳಿಸುವ ಸಾರ್ವಜನಿಕ ಪಟ್ಟಿಯೊಂದು ನಮ್ಮಲ್ಲಿ ಏಕಿರಬಾರದು?

ಹಿರಿಯರು: ಪಟ್ಟಿಯ ವಿಚಾರವನ್ನು ಆಮೇಲೆ ಎತ್ತಿಕೊಳ್ಳೋಣ, ಮಗು. ಇರುವ ದಾರಿಗಳನ್ನು ಬಲ್ಲವರೇ ವಿರಳರಾಗಿರುವಾಗ ಹೊಸ ದಾರಿಯನ್ನು ಬೇಡುವುದು ಆತುರವಾದೀತು. ಸಂವಿಧಾನದ 22ನೆಯ ವಿಧಿಯು ದಸ್ತಗಿರಿಯಾದವನನ್ನು, ಪ್ರಯಾಣದ ಕಾಲವನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ವಿಧಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮಿನ ಪ್ರಕಾರ ದಸ್ತಗಿರಿಯ ಮೆಮೋ ಬರೆದು, ಮನೆಯವರಲ್ಲೊಬ್ಬರ ಅಥವಾ ಆ ಸ್ಥಳದ ಗೌರವಸ್ಥರೊಬ್ಬರ ಸಾಕ್ಷಿ ರುಜು ಪಡೆಯಬೇಕು. 48ನೆಯ ಕಲಮಿನ ಪ್ರಕಾರ, ದಸ್ತಗಿರಿಯ ಸುದ್ದಿಯನ್ನೂ ಅವನನ್ನು ಇರಿಸಿರುವ ಸ್ಥಳವನ್ನೂ ಅವನು ಹೆಸರಿಸಿದ ಬಂಧುವಿಗೋ ಮಿತ್ರನಿಗೋ ತಿಳಿಸಿ, ಯಾರಿಗೆ ತಿಳಿಸಲಾಯಿತೆಂಬುದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು. ಹಾಗೆ ತಿಳಿಸಲಾಗಿದೆಯೆ ಎಂಬುದನ್ನು ಮ್ಯಾಜಿಸ್ಟ್ರೇಟರು ಸ್ವತಃ ಮನಗಾಣಬೇಕು. ಇನ್ನು 37ನೆಯ ಕಲಂ, ಪ್ರತಿಯೊಂದು ಠಾಣೆಯಲ್ಲಿ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ದಸ್ತಗಿರಿಯಾದವರ ಹೆಸರು, ವಿಳಾಸ, ಆಪಾದನೆಯ ಸ್ವರೂಪ ಇವುಗಳ ವಿವರವನ್ನು ಇಟ್ಟಿರಬೇಕೆಂದೂ, ಅದನ್ನು ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದು ಕಾಣುವಂತೆ ಪ್ರದರ್ಶಿಸಬೇಕೆಂದೂ ಹೇಳುತ್ತದೆ. ನೀನು ಕೇಳುವ ಸಾರ್ವಜನಿಕ ಪಟ್ಟಿಯ ಬೀಜ ಅಲ್ಲಿಯೇ ಇದೆ.

ತರುಣಿ: ಬೀಜವಿದೆ, ಒಪ್ಪುತ್ತೇನೆ, ಮೊಳೆತದ್ದು ಎಷ್ಟು? ಕಲ್ಕತ್ತೆಯ ಡಿ.ಕೆ. ಬಸು ಅವರು ಪೊಲೀಸ್ ವಶದಲ್ಲಿ ಸಂಭವಿಸಿದ ಮರಣಗಳ ಬಗ್ಗೆ 1986ರಲ್ಲಿ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ, ಸುಪ್ರೀಂ ಕೋರ್ಟು 1996ರ ಡಿಸೆಂಬರ್ 18ರಂದು ಹನ್ನೊಂದು ನಿಬಂಧನೆಗಳನ್ನು ಹಾಕಿತು. ದಸ್ತಗಿರಿಯಾದ ಹನ್ನೆರಡು ಗಂಟೆಗಳೊಳಗೆ ಜಿಲ್ಲಾ ನಿಯಂತ್ರಣ ಕೊಠಡಿಗೆ ಸುದ್ದಿ ಮುಟ್ಟಿಸಿ ಫಲಕದಲ್ಲಿ ಪ್ರದರ್ಶಿಸಬೇಕೆಂಬುದು ಅಂದಿನ ಆಜ್ಞೆ. ಅಂದಿನಿಂದ ಇಂದಿನವರೆಗೆ ಒಂದು ತಲೆಮಾರೇ ಕಳೆದರೂ, ಫಲಕವನ್ನು ನೋಡಿ ಮಗನನ್ನು ಕಂಡುಕೊಂಡೆನೆಂದು ಹೇಳಿದ ಒಬ್ಬ ಕಕ್ಷಿಗಾರ್ತಿಯನ್ನೂ ನಾನು ಕಂಡಿಲ್ಲ. ಅದೂ ಅಲ್ಲದೆ ಆ ಫಲಕ ದಸ್ತಗಿರಿಯನ್ನು ತಿಳಿಸುತ್ತದೆ. ಆಮೇಲೆ ಆ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಒಯ್ದರೆಂಬುದನ್ನು ತಿಳಿಸುವುದು ಅದರ ಕೆಲಸವಲ್ಲ.

ಹಿರಿಯರು: ಆಮೇಲಿನ ಹೆಜ್ಜೆಗಳನ್ನು ನ್ಯಾಯಾಲಯದ ಕಡತ ಹೇಳುತ್ತದೆ. ನಾನು ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ಕೆಲಸ ಮಾಡಿದ ಕಾಲದಲ್ಲಿ, ಹೀಗೆ ಹುಡುಕಿಕೊಂಡು ಬಂದವರನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಠಾಣೆಯವರು ಕರೆದೊಯ್ದರು? ಠಾಣೆ ತಿಳಿದರೆ ಅದರ ಸರಹದ್ದಿನ ನ್ಯಾಯಾಲಯ ತಿಳಿಯುತ್ತದೆ. ಠಾಣೆಯ ಅಪರಾಧ ಸಂಖ್ಯೆ, ಅಂದರೆ ಎಫ್‌ಐಆರ್ ಸಂಖ್ಯೆ ತಿಳಿದರೆ ಕಡತ ಸಿಕ್ಕುತ್ತದೆ. ಕಡತದಲ್ಲಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದ ಆಜ್ಞೆಯಿರುತ್ತದೆ. ಆ ಆಜ್ಞೆಯೊಡನೆ ಹೊರಡುವ ವಾರಂಟು ಯಾವ ಕಾರಾಗೃಹದ ಅಧೀಕ್ಷಕರ ಹೆಸರಿಗೆ ಹೋಯಿತೋ ಅಲ್ಲಿಯೇ ಮನುಷ್ಯನಿರುತ್ತಾನೆ. ನಮ್ಮ ಜಿಲ್ಲೆಯ ವಿಚಾರಣಾಧೀನ ಬಂಧಿಗಳನ್ನು ಸಾಮಾನ್ಯವಾಗಿ ಹಾಸನದ ಜಿಲ್ಲಾ ಕಾರಾಗೃಹಕ್ಕೆ ಕಳುಹಿಸುವರು. ದೀರ್ಘ ಶಿಕ್ಷೆಗೊಳಗಾದ ಸಜಾ ಬಂಧಿಗಳು ಮೈಸೂರಿನಂಥ ಕೇಂದ್ರ ಕಾರಾಗೃಹಗಳಿಗೆ ಹೋಗುವರು. ಹದಿನೆಂಟು ವರ್ಷ ತುಂಬದವನನ್ನಂತೂ ಕಾರಾಗೃಹದಲ್ಲಿ ಹುಡುಕಲೇ ಕೂಡದು. ಅವನ ವಿಚಾರ ಬಾಲನ್ಯಾಯ ಮಂಡಳಿಯದು, ಇರುವುದು ವೀಕ್ಷಣಾಲಯದಲ್ಲಿ, ಅವನ ಗುರುತನ್ನು ಪ್ರಕಟಿಸುವುದೇ ಅಪರಾಧ.

ತರುಣಿ: ನೀವು ಹೇಳಿದ ಕ್ರಮವನ್ನೇ ಈಗ ಗಣಕಯಂತ್ರದ ಮುಂದೆ ಕುಳಿತು ಅನುಸರಿಸುತ್ತೇವೆ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಲೈಂಗಿಕ ಅಪರಾಧ, ಭಯೋತ್ಪಾದನೆ ಮೊದಲಾದ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಆಜ್ಞಾಪಿಸಿತು. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆಯನ್ನೂ ನ್ಯಾಯಾಲಯವನ್ನೂ ಆರಿಸಿ, ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ವರ್ಷ ಇವನ್ನು ಕೊಟ್ಟರೆ, ಇಲ್ಲವೆ ಪಕ್ಷಗಾರನ ಹೆಸರನ್ನೇ ಕೊಟ್ಟರೆ, ಮೊಕದ್ದಮೆ ಸಿಕ್ಕುತ್ತದೆ. ಅದರ ಹದಿನಾರು ಅಕ್ಷರಾಂಕಗಳ ಸಿಎನ್‌ಆರ್ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ವಾಯಿದೆಗಳು ಕೈಗೆಟುಕುತ್ತವೆ. ಆದರೆ ಕಾರಾಗೃಹದ ಹೆಸರು ಅಲ್ಲಿ ಎಲ್ಲ ಸಲವೂ ಕಾಣದು. ಕಾರಾಗೃಹಗಳ ರಾಷ್ಟ್ರೀಯ ತಾಣದಲ್ಲಿ ಇ-ಮುಲಾಕಾತ್ ಎಂಬ ವ್ಯವಸ್ಥೆಯಿದೆ. ಭೇಟಿಯ ಸಮಯವನ್ನು ಮನೆಯಿಂದಲೇ ಗೊತ್ತುಮಾಡಿಕೊಳ್ಳಬಹುದು. ಆದರೆ ಬಂಧಿ ಯಾವ ಕಾರಾಗೃಹದಲ್ಲಿರುವನೆಂದು ಅದೂ ಕೇಳುತ್ತದೆ! ತಿಳಿದವರಿಗೆ ಮಾತ್ರ ತೆರೆಯುವ ಬಾಗಿಲಿನಿಂದ ತಿಳಿಯದವರಿಗೇನು ಉಪಕಾರ?

ಹಿರಿಯರು: ತಿಳಿಯದವರಿಗಾಗಿಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ ಅದು. ಹಾಸನದ ನ್ಯಾಯಾಲಯದ ಆವರಣದಲ್ಲಿಯೇ ಅದರ ಕಚೇರಿ, ತಾಲ್ಲೂಕುಗಳಲ್ಲಿ ಅದರ ಸಮಿತಿಗಳು. ಹೆಂಗಸರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು, ಇವರೆಲ್ಲರಿಗೂ ಆದಾಯವನ್ನು ಕೇಳದೆ ವಕೀಲರನ್ನು ಒದಗಿಸಬೇಕೆಂಬುದು ವಿಧಿ. ಅಕ್ಷರ ಬಾರದವಳು ಸಹ 15100 ಸಂಖ್ಯೆಗೆ ಫೋನು ಮಾಡಿ ತನ್ನ ಅಳಲನ್ನು ಹೇಳಿಕೊಳ್ಳಬಹುದು. ಅಷ್ಟಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಕಾಯಿದೆಯಿದೆ: ಸಾಮಾನ್ಯ ಅರ್ಜಿಗೆ ಮೂವತ್ತು ದಿನ, ಆದರೆ ವ್ಯಕ್ತಿಯ ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳು. ಅರ್ಜಿಯ ತಲೆಬರಹದಲ್ಲಿಯೇ 7(1)ನೆಯ ಕಲಮನ್ನು ಉಲ್ಲೇಖಿಸಿ, ಇದು ಸ್ವಾತಂತ್ರ್ಯದ ವಿಷಯವೆಂದು ಸ್ಪಷ್ಟವಾಗಿ ಬರೆಯಬೇಕು. ಅಕ್ರಮವಾಗಿ ಕೂಡಿಹಾಕಿರುವರೆಂಬ ಸಂಶಯ ಬಲವಾದರೆ ಸಂಹಿತೆಯ 100ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರಿಂದ ಶೋಧನಾ ವಾರಂಟು ಪಡೆಯಬಹುದು. ಕಟ್ಟಕಡೆಗೆ ಸಂವಿಧಾನದ 226ನೆಯ ವಿಧಿಯ ಮೇರೆಗೆ ಹೈಕೋರ್ಟಿನಲ್ಲಿ, ಬಂಧಿಯನ್ನು ತಂದು ಹಾಜರುಪಡಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ. ಅದರ ಮುಂದೆ ಎಂಥ ಅಧಿಕಾರಿಯೂ ಮೌನವಾಗಿರಲಾರನು.

ತರುಣಿ: ಮೌನವಾಗಿರಲಾರನು ಎನ್ನುವಿರಾ? ನೆರೆಯ ಕೇರಳದಲ್ಲಿ 1976ರ ಮಾರ್ಚ್ 1ರಂದು ಕೋಳಿಕೋಡಿನ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಕರೆದೊಯ್ದರು. ಅವನ ತಂದೆ ಈಚರ ವಾರಿಯರ್ ಪ್ರಾಧ್ಯಾಪಕರು, ಓದುಬರಹ ಬಲ್ಲವರು, ಮಂತ್ರಿಗಳ ಮನೆಯ ತನಕ ಹೋಗಬಲ್ಲವರು. ಅಂಥವರೇ ಒಂದು ವರ್ಷ ಕಾಲ ಎಲ್ಲೆಲ್ಲಿ ವಿಚಾರಿಸಿದರೂ ಮಗನೆಲ್ಲಿರುವನೆಂಬ ಉತ್ತರ ದೊರೆಯಲಿಲ್ಲ. ತುರ್ತುಪರಿಸ್ಥಿತಿ ತೆರವಾದ ಮೇಲೆ, 1977ರಲ್ಲಿ, ಅವರು ಹೈಕೋರ್ಟಿಗೆ ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿಯಿಂದ ಹೊರಬಿದ್ದ ಸತ್ಯಕ್ಕೆ ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಮಗನ ದೇಹ ಮಾತ್ರ ಸಿಕ್ಕಲೇ ಇಲ್ಲ. ಈ ನಡುವೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ, ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿಯನ್ನು ಹಾಕುವ ಅಧಿಕಾರ ಪ್ರಜೆಗಿಲ್ಲವೆಂದು ತೀರ್ಪು ಕೊಟ್ಟಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಅದನ್ನು ಒಪ್ಪದವರು.

ಹಿರಿಯರು: ಆ ಕಾಲವನ್ನು ನಾನು ಕಂಡವನು. ಹೊಳೆನರಸೀಪುರದ ಶಾಸಕರಾಗಿದ್ದ ಎಚ್.ಡಿ. ದೇವೇಗೌಡರೂ ಅಂದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದವರೇ. ಅದೇ ಕಾರಾಗೃಹದಲ್ಲಿದ್ದ ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ದೂರದ ರೋಹತಕ್ಕಿಗೆ ಒಯ್ದು ಮತ್ತೆ ಬೆಂಗಳೂರಿಗೆ ಕರೆತಂದುದೂ ನಡೆಯಿತು. ಆದರೆ ಅದೇ ಇತಿಹಾಸದ ಉತ್ತರಾರ್ಧವನ್ನೂ ಹೇಳಬೇಕು: ಆ ತೀರ್ಪನ್ನು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು, ಹಾಗೆ ತಳ್ಳಿಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಮೊಕದ್ದಮೆಯ ಮುಖ್ಯ ಪ್ರಶ್ನೆ ಯಾವುದು, ಮಗು? ಪ್ರಜೆಯ ಖಾಸಗಿತನ. ಮನುಷ್ಯನನ್ನು ಗುಪ್ತವಾಗಿ ಬಂಧಿಸಿಡಬಾರದೆಂಬ ತತ್ತ್ವವೂ, ಮನುಷ್ಯನ ವಿಚಾರವನ್ನು ಬೀದಿಗೆಳೆಯಬಾರದೆಂಬ ತತ್ತ್ವವೂ ಒಂದೇ ತೀರ್ಪಿನಲ್ಲಿ ನಿಂತಿವೆ. ನೀನು ಕೇಳುವ ಪಟ್ಟಿ ಮೊದಲನೆಯದನ್ನು ಕಾಪಾಡಲು ಹೋಗಿ ಎರಡನೆಯದನ್ನು ಮುರಿದೀತೆಂಬುದೇ ನನ್ನ ಭಯ.

ತರುಣಿ: ಬಂಧನವು ಖಾಸಗಿ ವಿಚಾರ ಹೇಗಾದೀತು? ಸರ್ಕಾರವು ತನ್ನ ಬಲದಿಂದ ಪ್ರಜೆಯೊಬ್ಬನ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವ ಕ್ರಿಯೆ ಅದು. ಅದಕ್ಕಿಂತ ಸಾರ್ವಜನಿಕವಾದ ಕ್ರಿಯೆ ಬೇರೊಂದಿಲ್ಲ. ಬಿಹಾರದ ರುದುಲ್ ಸಾಹ್ 1968ರಲ್ಲಿ ನಿರ್ದೋಷಿಯೆಂದು ಬಿಡುಗಡೆಯ ಆಜ್ಞೆ ಪಡೆದೂ 1982ರವರೆಗೆ, ಹದಿನಾಲ್ಕು ವರ್ಷ, ಸೆರೆಯಲ್ಲಿಯೇ ಉಳಿದನು. ಅವನ ಹೆಸರು ಯಾರ ಕಣ್ಣಿಗಾದರೂ ಬೀಳುವ ಪಟ್ಟಿಯಲ್ಲಿದ್ದಿದ್ದರೆ ಹದಿನಾಲ್ಕು ವರ್ಷ ಬೇಕಾಗುತ್ತಿರಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕಾರಾಗೃಹ ಇಲಾಖೆ 1982ರಿಂದೀಚಿನ ತನ್ನ ಬಂಧಿಗಳೆಲ್ಲರನ್ನೂ ಹೆಸರಿನಿಂದ ಹುಡುಕಲು ಬಿಟ್ಟಿದೆ. ಯಾವ ಕಾರಾಗೃಹ, ಬಿಡುಗಡೆ ಎಂದು ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಹಿರಿಯರು: ಯಾರು ಬೇಕಾದರೂ ಎಂಬಲ್ಲಿಯೇ ತೊಡಕಿದೆ. ತಾಯಿ ನೋಡುವಳು, ಸರಿ. ಹಗೆಯವನೂ ನೋಡುವನು, ಬಿಡುಗಡೆಯ ದಿನವನ್ನು ಗುರುತು ಹಾಕಿಕೊಳ್ಳುವನು. ಕೆಲಸ ಕೊಡಬೇಕಾದ ಯಜಮಾನ ನೋಡುವನು, ಮನೆ ಬಾಡಿಗೆಗೆ ಕೊಡುವವನು ನೋಡುವನು, ಹೆಣ್ಣು ಕೊಡಬೇಕಾದವನು ನೋಡುವನು. 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಮೇಲಿನ ಆರೋಪವನ್ನು ಯಾವ ನ್ಯಾಯಾಲಯವೂ ಇನ್ನೂ ನಿಜವೆಂದು ಹೇಳಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1942ರ ಚಳವಳಿಯಲ್ಲಿ ಸೆರೆಗೆ ಹೋದಾಗ ಅದು ನಮ್ಮ ಜಿಲ್ಲೆಗೇ ಗೌರವವಾಯಿತು. ಇಂದು ಮಾವಿನಕೆರೆಯ ಕೂಲಿಯೊಬ್ಬನು ಜಾಮೀನುದಾರ ಸಿಕ್ಕದೆ ಎರಡು ತಿಂಗಳು ಒಳಗಿದ್ದು ಬಂದರೆ, ಅವನು ನಿರ್ದೋಷಿಯೆಂಬ ತೀರ್ಪನ್ನು ಯಾರೂ ಓದುವುದಿಲ್ಲ; ಪಟ್ಟಿಯಲ್ಲಿ ಹೆಸರಿತ್ತೆಂಬುದನ್ನು ಎಲ್ಲರೂ ಓದುವರು. ಅಂತರ್ಜಾಲಕ್ಕೆ ಏರಿದ್ದು ಶಿಲಾಶಾಸನದಂತೆ, ಅಳಿಸುವುದು ಸುಲಭವಲ್ಲ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟೇ, ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ತೋರದಂತೆ ಕ್ರಮ ಕೈಗೊಳ್ಳಲು ತನ್ನ ಕಚೇರಿಗೆ ನಿರ್ದೇಶಿಸಬೇಕಾಯಿತು.

ತರುಣಿ: ಹಗೆಯವನ ಮಾತು ಬಂದುದರಿಂದ ಹೇಳುತ್ತೇನೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಮೇರಿ ಬೈರನ್ ಎಂಬ ತರುಣಿಯನ್ನು, ಅವಳ ದೂರಿನ ಮೇಲೆಯೇ ಬಂಧನದಲ್ಲಿದ್ದವನು ಜಾಮೀನಿನ ಮೇಲೆ ಹೊರಬಂದು ಕೊಂದನು. ಅವನು ಹೊರಬಂದುದು ಅವಳಿಗೆ ತಿಳಿದಿರಲಿಲ್ಲ. ಮರುವರ್ಷವೇ ಅಲ್ಲಿ, ಬಂಧಿಯ ಬಿಡುಗಡೆಯನ್ನು ನೊಂದವರಿಗೆ ದೂರವಾಣಿಯಿಂದ ತಿಳಿಸುವ ವೈನ್ ಎಂಬ ವ್ಯವಸ್ಥೆ ಹುಟ್ಟಿತು. ಈಗ ಅದು ಅಲ್ಲಿನ ಬಹುತೇಕ ರಾಜ್ಯಗಳಲ್ಲಿದೆ. ಬಂಧಿ ಎಲ್ಲಿರುವನೆಂಬುದು ಅವನ ತಾಯಿಗೆ ಮಾತ್ರ ಬೇಕಾದುದಲ್ಲ. ಅವನಿಂದ ನೊಂದವಳಿಗೆ ಅದು ಪ್ರಾಣದ ಪ್ರಶ್ನೆ. ನಮ್ಮಲ್ಲಿಯೂ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಸೇರಿದ 15ಎ ಕಲಂ, ಜಾಮೀನಿನ ವಿಚಾರಣೆಯೂ ಸೇರಿದಂತೆ ನ್ಯಾಯಾಲಯದ ಕಲಾಪದ ಸೂಚನೆಯನ್ನು ಸಕಾಲದಲ್ಲಿ ಪಡೆಯುವ ಹಕ್ಕನ್ನು ನೊಂದವರಿಗೆ ಕೊಟ್ಟಿದೆ. ಉಳಿದ ನೊಂದವರು ಮಾಡಿದ ಪಾಪವೇನು?

ಹಿರಿಯರು: ಅದು ಸರಿಯಾದ ಮಾತು. ಆದರೆ ನೋಡು, ಆ ವೈನ್ ವ್ಯವಸ್ಥೆಯ ಹುಟ್ಟಿಗೆ ಕಾರಣವಾದದ್ದು ಊರಿಗೆಲ್ಲ ಸಾರಬೇಕೆಂಬುದಲ್ಲ, ತಿಳಿಯಲೇಬೇಕಾದವಳಿಗೆ ತಿಳಿಸಬೇಕೆಂಬುದು. ಇಂಗ್ಲೆಂಡಿನ ರೀತಿಯನ್ನು ಗಮನಿಸು: ಅಲ್ಲಿಯ ಸರ್ಕಾರವು ಬಂಧಿಯನ್ನು ಹುಡುಕಿಕೊಡುವ ಸೇವೆಯನ್ನು ಇಟ್ಟಿದೆ, ಕೇಳಿದವರು ತಾವು ಯಾರೆಂಬುದನ್ನೂ ಏಕೆ ಬೇಕೆಂಬುದನ್ನೂ ತಿಳಿಸಬೇಕು, ಬಂಧಿ ಒಪ್ಪಿದ ಮೇಲೆಯೇ ಅವನ ಇರವನ್ನು ಹೇಳುವರು. ಸೆರೆಯಲ್ಲಿರುವವನಿಗೂ ಯಾರ ಮುಂದೆ ತನ್ನ ಮುಖವನ್ನು ತೋರಬೇಕೆಂಬುದನ್ನು ತಾನೇ ನಿರ್ಧರಿಸುವಷ್ಟು ಮಾನವನ್ನು ಉಳಿಸುವ ಕ್ರಮವದು.

ತರುಣಿ: ಆ ಒಪ್ಪಿಗೆಯನ್ನು ಪಡೆದು ತರುವವರು ಯಾರು, ದೊಡ್ಡಪ್ಪ? ಅವನನ್ನು ಕೂಡಿಹಾಕಿದವರೇ. ಅವನು ಬೇಡವೆಂದನೆಂದು ಅವರು ಹೇಳಿದರೆ ಪರೀಕ್ಷಿಸುವ ಬಗೆ ಯಾವುದು? ರಾಜನ್‌ನ ತಂದೆಗೆ ಅಂಥ ಉತ್ತರ ಬಂದಿದ್ದರೆ ಅವರು ಏನು ಮಾಡಬಹುದಿತ್ತು? ಪ್ರಸಿದ್ಧರ ವಿಷಯದಲ್ಲಿ ಈ ಮುಸುಕು ಯಾವುದೂ ಇಲ್ಲವೆಂಬುದನ್ನೂ ನೆನೆಯಿರಿ. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿದ ಬಳಿಕ, ಅವರು ಪರಪ್ಪನ ಅಗ್ರಹಾರದ ಕಾರಾಗೃಹದಲ್ಲಿರುವ ಸಂಗತಿ ಬಂಧಿ ಸಂಖ್ಯೆಯೊಡನೆ ನಮ್ಮ ಜಿಲ್ಲೆಯ ಮನೆ ಮನೆಗೂ ತಲುಪಿತು. ಅದೇ ಜಿಲ್ಲೆಯಲ್ಲಿ, ಸಕಲೇಶಪುರದ ತೋಟಕ್ಕೆ ದೂರದ ಅಸ್ಸಾಮಿನಿಂದ ಬಂದ ಕೂಲಿಯೊಬ್ಬನು ಬಂಧಿತನಾದರೆ, ಸಾವಿರಾರು ಮೈಲಿ ದೂರದಲ್ಲಿರುವ ಅವನ ತಂದೆ ಯಾವ ಫಲಕವನ್ನು ನೋಡಬೇಕು, ಯಾವ ಭಾಷೆಯಲ್ಲಿ ಕೇಳಬೇಕು?

ಹಿರಿಯರು: ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ. ದೂರದವನಿಗೆ ಠಾಣೆಯ ಫಲಕ ಸಾಲದು. ಡಿಜಿಟಲ್ ರೂಪದಲ್ಲಿಯೂ ಪ್ರದರ್ಶಿಸಬಹುದೆಂದು 37ನೆಯ ಕಲಂ ಹೇಳಿರುವುದರಿಂದ, ದೂರದಿಂದ ಓದಬಲ್ಲ ಫಲಕಕ್ಕೆ ನಾನು ಅಡ್ಡಿಯಾಗಲಾರೆ. ಆದರೆ ಮೂರು ಕಟ್ಟುಗಳನ್ನು ಬೇಡುತ್ತೇನೆ: ನಿರ್ದೋಷಿಯೆಂದು ಬಿಡುಗಡೆಯಾದವನ ಹೆಸರು ಆ ಕ್ಷಣವೇ ಅಳಿಯಬೇಕು, ಬಾಲಕರ ಹೆಸರು, ನೊಂದ ಹೆಂಗಸಿನ ಗುರುತು ಬಯಲಾಗುವಂಥ ಪ್ರಕರಣಗಳ ಹೆಸರು ಎಂದಿಗೂ ಏರಬಾರದು, ಹುಡುಕಿದವನು ಯಾರೆಂಬ ಗುರುತು ಉಳಿಯಬೇಕು.

ತರುಣಿ: ಮೊದಲೆರಡನ್ನು ಒಪ್ಪುತ್ತೇನೆ, ಮೂರನೆಯದನ್ನು ಒಪ್ಪಲಾರೆ. ಹುಡುಕಿದವನ ಗುರುತನ್ನು ಸರ್ಕಾರ ಬರೆದಿಟ್ಟುಕೊಳ್ಳುವುದಾದರೆ, ಸರ್ಕಾರಕ್ಕೆ ಹೆದರುವ ಬಡವರು ಹುಡುಕುವುದನ್ನೇ ಬಿಡುವರು. ಅವರಿಗಾಗಿಯೇ ಅಲ್ಲವೆ ಪಟ್ಟಿ ಬೇಕಾಗಿರುವುದು?

ಹಿರಿಯರು: ಗುರುತೇ ಇಲ್ಲದಿದ್ದರೆ ಹಗೆ ಸಾಧಿಸುವವನೂ ನಿರ್ಭಯನಾಗಿ ಹುಡುಕುವನು. ಇಲ್ಲಿ ನಾವಿಬ್ಬರೂ ಬೇರೆ ಬೇರೆಯಾಗಿಯೇ ಉಳಿಯಬೇಕೆಂದು ತೋರುತ್ತದೆ.

ಪಟ್ಟಿ ಎಷ್ಟು ತೆರೆದಿರಬೇಕೆಂಬ ಆ ವಿವಾದವನ್ನು ಶಾಸನಸಭೆ ಎಂದಾದರೂ ಇತ್ಯರ್ಥಮಾಡಲಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪ್ರತಿಯೊಂದು ಠಾಣೆಯಲ್ಲಿ 37ನೆಯ ಕಲಮಿನ ಫಲಕ ಇದೆಯೆ, ಅದರಲ್ಲಿ ಇಂದಿನ ತಾರೀಖಿನ ಬರಹವಿದೆಯೆ ಎಂಬುದನ್ನು ಯಾವ ಪ್ರಜೆಯೂ ಹೋಗಿ ನೋಡಬಹುದು, ಇಲ್ಲದಿದ್ದರೆ ಏಕಿಲ್ಲವೆಂದು ಲಿಖಿತವಾಗಿ ಕೇಳಬಹುದು. ಈ ಲೇಖನವನ್ನು ಓದಿದವರಲ್ಲಿ ನಮ್ಮ ಪ್ರಾರ್ಥನೆ ಇದು: ನೆರೆಮನೆಯ ಯಾರನ್ನಾದರೂ ಪೊಲೀಸರು ಕರೆದೊಯ್ದಾಗ, ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ಹಾಜರುಪಡಿಸಿದ ನ್ಯಾಯಾಲಯ, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಆ ಮನೆಯವರ ಕೈಗೆ ಕೊಡಿ, ಅವರೊಡನೆ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯವರೆಗೆ ನೀವೂ ಹೋಗಿ.